ಸ್ಪಷ್ಟನೆ: ಡಚ್ ಜೋಡುಪದಗಳ ಒತ್ತು ಕೊನೆಯಲ್ಲಲ್ಲ

‘ಡಚ್ ಪದ ಎಷ್ಟೇ ಉದ್ದವಿರಲಿ, ಒತ್ತು ಕೊನೆಯ ತುಂಡಿಗೆ’ ಎಂದು ಡಚ್ ಕಲಿಯುವವರ ಗುಂಪಿನಲ್ಲಿ ನಾನೇ ಬರೆದಿದ್ದೆ. ಅದು ತಪ್ಪು. ಜೋಡುಪದದಲ್ಲಿ ಮುಖ್ಯ ಒತ್ತು ಸಾಮಾನ್ಯವಾಗಿ ಮೊದಲ ಪದದ ಮೇಲೆ ಬೀಳುತ್ತದೆ. ಆಸ್ಪತ್ರೆಗೆ ‘ಜೀಕನ್‌ಹೌಸ್’ ಎನ್ನುವಾಗ ‘ಜೀ’ ಗಟ್ಟಿ. ನಗರಸಭೆ ಕಟ್ಟಡಕ್ಕೆ ಹೇಳುವ ‘ಸ್ಟಟ್‌ಹೌಸ್’ನಂಥ ಕೆಲವು ಪದ ಮಾತ್ರ ಬೇರೆ, ಅಲ್ಲಿ ‘ಹೌಸ್’ ಗಟ್ಟಿ.

ಪದ ಒಡೆಯುವುದೂ ಮೂಲ ಪದಗಳು ಸೇರಿದ ಜಾಗದಲ್ಲೇ. ‘ವಲ್‌ಕೌಲ್’ ಅಂದರೆ ಪ್ರಾಣಿ ಹಿಡಿಯಲು ತೋಡುವ ಗುಂಡಿ. ವಲ್ ಬೇರೆ, ಕೌಲ್ ಬೇರೆ. ನನ್ನ ಹಾಗೆ ‘ವಲ್ಕ್-ಔಲ್’ ಎಂದು ಕತ್ತರಿಸಿದರೆ ‘ಗಿಡುಗ-ಗೂಬೆ’ ಆಗಿಬಿಡುತ್ತದೆ! ಡಚ್ಚರೇ ಇದನ್ನು ತಮಾಷೆಗೆ ಬಳಸುತ್ತಾರೆ.

ಅನುಮಾನವಿದ್ದರೆ ಡಚ್ ನಿಘಂಟು ನೋಡಿ. ನನ್ನ ಹಳೇ ಮೆಸೇಜ್ ಇನ್ನೂ ಓಡಾಡುತ್ತಿದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಂಡಲ್ಲಿ ಅಳಿಸಿಬಿಡಿ.