ಸಹಿ ಹಾಕಿದ ಮೇಲೆ ಕಾಪಿರೈಟ್ ನೆನಪು

ಕಾಪಿರೈಟ್ ಬಗ್ಗೆ ಲೈಬ್ರರಿಯವರ ಹತ್ತಿರ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ತಡವಾಗಿಯೇ ಬರುತ್ತವೆ. ಲೇಖನ ಅಚ್ಚಾಗಿರುತ್ತದೆ, ಹಕ್ಕನ್ನೆಲ್ಲ ಪ್ರಕಾಶಕರಿಗೆ ಬರೆದುಕೊಟ್ಟಾಗಿರುತ್ತದೆ. ಆಮೇಲೆ ಮೇಷ್ಟ್ರು ಕೇಳುತ್ತಾರೆ: "ನನ್ನದೇ ಲೇಖನ, ನಾನೇ ನೆಟ್‌ಗೆ ಹಾಕಬಾರದಾ?" ಬರೆದವರು ನೀವೇ ಸರ್. ಆದರೆ ಹಕ್ಕು ಕೊಟ್ಟುಬಿಟ್ಟಿದ್ದೀರಲ್ಲ!

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಶೆರ್ಪಾ ರೋಮಿಯೋ ಅಂತ ಒಂದು ಉಚಿತ ತಾಣ ಇತ್ತು. ಈಗ ಅದು ಓಪನ್ ಪಾಲಿಸಿ ಫೈಂಡರ್ ಆಗಿದೆ. ಬ್ರಿಟನ್ನಿನ ಜಿಸ್ಕ್ ಸಂಸ್ಥೆ ನಡೆಸುತ್ತದೆ. ಜರ್ನಲ್ ಹೆಸರು ಹಾಕಿದರೆ, ಲೇಖನದ ಯಾವ ಪ್ರತಿಯನ್ನು ಎಲ್ಲಿ, ಎಷ್ಟು ಸಮಯದ ನಂತರ ಹಾಕಬಹುದು ಅಂತ ತೋರಿಸುತ್ತದೆ. ಯಾವ ಪ್ರತಿ ಅನ್ನುವುದರಲ್ಲೇ ಎಲ್ಲ ಇರುವುದು. ಲೋಗೋ, ಪುಟಸಂಖ್ಯೆ ಇರುವ ಚೆಂದದ ಪಿಡಿಎಫ್ ಹಾಕಲು ಚಂದಾ ಜರ್ನಲ್‌ಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ವಿಮರ್ಶಕರು ಹೇಳಿದ್ದನ್ನೆಲ್ಲ ತಿದ್ದಿ ನೀವು ಕೊನೆಗೆ ಕಳಿಸಿದ ವರ್ಡ್ ಫೈಲ್ ಇರುತ್ತದಲ್ಲ, ಅದನ್ನು ಸಂಸ್ಥೆಯ ರೆಪಾಸಿಟರಿಯಲ್ಲಿ, ಅಂದರೆ ಲೇಖನಗಳನ್ನು ಎಲ್ಲರೂ ಓದುವಂತೆ ಇಡುವ ಆನ್‌ಲೈನ್ ಸಂಗ್ರಹದಲ್ಲಿ, ಇಡಲು ಎಷ್ಟೋ ಜರ್ನಲ್‌ಗಳು ಒಪ್ಪುತ್ತವೆ. ಕೆಲವಕ್ಕೆ ಒಂದಷ್ಟು ತಿಂಗಳು ಕಾಯಬೇಕು, ಅಷ್ಟೇ. ಕಷ್ಟ ಏನಂದ್ರೆ, ಆ ಫೈಲನ್ನೇ ಯಾರೂ ಜೋಪಾನ ಮಾಡಿರುವುದಿಲ್ಲ. ಹಳೇ ಮೇಲ್ ಕೆದಕಬೇಕು, ಇಲ್ಲಾ ಸಹಲೇಖಕರನ್ನು ಪೀಡಿಸಬೇಕು.

ಸಹಿಗೆ ಮೊದಲೇ ಬಂದರೆ ಕೆಲಸ ಸಲೀಸು. ಲೇಖಕರ ಹಕ್ಕು ಉಳಿಸಿಕೊಳ್ಳಲು ಮುಕ್ತ ಪ್ರಕಟಣೆಯ ಪರ ಕೆಲಸ ಮಾಡುವ ಸ್ಪಾರ್ಕ್ ಸಂಘಟನೆ ಒಂದು ಅಡೆಂಡಮ್, ಅಂದರೆ ಒಪ್ಪಂದಕ್ಕೆ ಸೇರಿಸುವ ಪತ್ರ, ಸಿದ್ಧಮಾಡಿ ಇಟ್ಟಿದೆ. ಪ್ರಕಾಶಕರ ಒಪ್ಪಂದದ ಜೊತೆ ಲಗತ್ತಿಸಿ ಕಳಿಸುವುದು. ಎಲ್ಲರೂ ಒಪ್ಪಲ್ಲ. ಕೇಳುವುದಕ್ಕೇನು ಕಷ್ಟ?

ಇನ್ನೊಂದು ತಲೆನೋವು ಗೂಗಲ್. ಹುಡುಕಿದರೆ ಅಮೆರಿಕದ ವಿಶ್ವವಿದ್ಯಾಲಯಗಳ ಗೈಡ್‌ಗಳೇ ಸಾಲಾಗಿ ಬರುತ್ತವೆ. ಚೆನ್ನಾಗಿಯೇ ಬರೆದಿರುತ್ತಾರೆ. ಆದರೆ ಅವರು ಹೇಳುವ ಫೇರ್ ಯೂಸ್‌ನ (ಅನುಮತಿ ಕೇಳದೆ ಬಳಸಲು ಇರುವ ಅವಕಾಶದ) ನಾಲ್ಕು ಅಂಶಗಳು ಅಮೆರಿಕದ ಕಾಪಿರೈಟ್ ಕಾನೂನಿನ 107ನೇ ಸೆಕ್ಷನ್‌ನವು. ಬೇರೆ ದೇಶದಲ್ಲಿ ಕೂತು ಅದನ್ನೇ ನಂಬಿ ಪುಸ್ತಕದ ಅಧ್ಯಾಯಗಳನ್ನು ಹಂಚಿದರೆ ಸಿಕ್ಕಿಬೀಳಬಹುದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ವೈಪೋ ಲೆಕ್ಸ್ ತಾಣದಲ್ಲಿ ದೇಶದೇಶದ ಕಾನೂನಿನ ಪಠ್ಯ ಉಚಿತವಾಗಿ ಸಿಗುತ್ತದೆ. ಓದಲು ಬೇಜಾರು, ನಿಜ. ಆದರೆ ಮೊದಲು ನೋಡಬೇಕಾದ್ದು ಅದನ್ನೇ. ಕಾಪಿರೈಟ್ ಎಷ್ಟು ವರ್ಷ ಅನ್ನುವ ವಿಷಯವೂ ಹಾಗೆಯೇ, ದೇಶದಿಂದ ದೇಶಕ್ಕೆ ಬೇರೆ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಪುಸ್ತಕಕ್ಕೆ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ರಕ್ಷಣೆ. ಎಷ್ಟೋ ದೇಶಗಳು ಅದನ್ನು 70ಕ್ಕೆ ಏರಿಸಿಕೊಂಡಿವೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಾತ್ರ ನಮ್ಮ ಲೈಬ್ರರಿಯವರ ಮೇಲೆಯೇ. ಕಾಪಿರೈಟ್ ಯಾವಾಗಲೋ ಮುಗಿದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಪುಟಪುಟಕ್ಕೂ 'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಅಂತ ಮುದ್ರೆ ಒತ್ತುತ್ತಾರೆ. ಯಾವ ಹಕ್ಕು? ಸುಮ್ನೆ ಓದುಗರನ್ನು ಹೆದರಿಸುವುದು. ರೈಟ್ಸ್‌ಸ್ಟೇಟ್‌ಮೆಂಟ್ಸ್ ತಾಣದಲ್ಲಿ ಹಕ್ಕಿನ ಸ್ಥಿತಿ ಏನು ಅಂತ ಹೇಳಲೆಂದೇ 12 ಸಿದ್ಧ ಹೇಳಿಕೆಗಳಿವೆ. ಸರಿಯಾದದ್ದನ್ನು ಆರಿಸಿ ಹಾಕಿದರಾಯಿತು. ಹಕ್ಕು ಯಾರದ್ದು ಅಂತ ಇನ್ನೂ ಪರಿಶೀಲಿಸಿಲ್ಲವಾ? ಅದನ್ನು ಹೇಳುವ ಹೇಳಿಕೆಯೂ ಆ 12ರಲ್ಲಿದೆ. ಅದನ್ನಾದರೂ ಹಾಕಿ.