ಅಪ್ಪ ಈಗ ಎಲ್ಲಿದ್ದಾರೆ ಅಂತ ಪಕ್ಕದ ಮನೆಯವರು ಕೇಳಿದರು

ಅಪ್ಪನ ತಿಥಿ ಮುಗಿಸಿಕೊಂಡು ಅಮೆರಿಕದ ಶಾರ್ಲೆಟ್‌ಗೆ ವಾಪಸ್ ಬಂದು ನಾಲ್ಕು ದಿನ ಆಗಿತ್ತು. ಪಕ್ಕದ ಮನೆಯ ಅಜ್ಜ ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟೆ ಮುಚ್ಚಿದ ಗಾಜಿನ ಪಾತ್ರೆ. ಆಲೂಗಡ್ಡೆ, ಜೋಳ, ಚೀಸ್ ಹಾಕಿ ಅವರ ಹೆಂಡತಿ ಮಾಡಿದ ಅಡುಗೆ, ಇನ್ನೂ ಬಿಸಿ ಇತ್ತು. ಒಳಗೆ ಬಂದು ಕೂತರು. ಹೂವಿನ ಹಾರ ಹಾಕಿದ್ದ ಅಪ್ಪನ ಫೋಟೋ ನೋಡಿದರು. ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದರು. ಪಾಂಡವಪುರದ ಹತ್ತಿರ ಭತ್ತ, ಕಬ್ಬು ಬೆಳೆಯುತ್ತಿದ್ದರು ಅಂದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಈಗ ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಾ?" ಅಂದರು.

ನನಗೆ ಮೈಯೆಲ್ಲ ಉರಿಯಿತು. ಅಪ್ಪ ಹೋದಾಗ ನಾನು ಎದುರಿಗಿರಲಿಲ್ಲ. ವಿಮಾನ ಬದಲಿಸಿ ಊರು ಮುಟ್ಟುವಷ್ಟರಲ್ಲಿ ಹೊಲದಲ್ಲಿ ಮಣ್ಣು ಮಾಡಿ ಆಗಿತ್ತು. ನನಗೆ ಸಿಕ್ಕಿದ್ದು ಹಾಲು ತುಪ್ಪ ಬಿಡುವ ಕೆಲಸ ಮಾತ್ರ. ಅಂಥ ಸಮಯದಲ್ಲಿ ಯಾರಾದರೂ ಹೀಗೆ ಕೇಳುತ್ತಾರಾ? ಆದರೆ ತಲೆ ಎತ್ತಿ ನೋಡಿದರೆ ಅಜ್ಜನ ಕಣ್ಣು ತುಂಬಿತ್ತು. ಅದಕ್ಕೇ ನಾನು ಏನೂ ಅನ್ನಲಿಲ್ಲ.

ಈ ಊರಲ್ಲಿ ಅದು ಯಾರೂ ಕೇಳದ ಪ್ರಶ್ನೆ ಅಲ್ಲ. ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಹುಟ್ಟಿದ್ದು ಇಲ್ಲೇ, 1918ರಲ್ಲಿ. ಜಗತ್ತೆಲ್ಲ ಸುತ್ತಿ ಕ್ರೀಡಾಂಗಣಗಳಲ್ಲಿ ಸಾವಿರಾರು ಜನರ ಮುಂದೆ ಇದನ್ನೇ ಬೋಧಿಸಿದವರು. ಅವರ ಹೆಸರಿನ ದೊಡ್ಡ ರಸ್ತೆ ಇದೆ. ಅವರ ನೆನಪಿನ ಕಟ್ಟಡವೂ ಇದೆ, ಹಳ್ಳಿಯ ಕೊಟ್ಟಿಗೆಯ ಹಾಗೆ ಕಾಣುತ್ತದೆ, ಒಳಗೆ ಹೋಗಬೇಕಾದರೆ ಶಿಲುಬೆ ಆಕಾರದ ಬಾಗಿಲಲ್ಲೇ ಹೋಗಬೇಕು. 2018ರಲ್ಲಿ ಅವರು ತೀರಿಕೊಂಡಾಗ ಇಟ್ಟ ಶವಪೆಟ್ಟಿಗೆ ಸಾದಾ ಪ್ಲೈವುಡ್‌ನದು. ಲೂಸಿಯಾನಾದ ಅಂಗೋಲಾ ಜೈಲಿನ ಕೈದಿಗಳು ಮಾಡಿದ್ದು. ಇದನ್ನು ಹೇಳಿದ್ದೂ ಪಕ್ಕದ ಮನೆಯ ಅಜ್ಜನೇ. ದೇವರ ಮುಂದೆ ಆ ಕೈದಿಗೂ ಆ ಬೋಧಕರಿಗೂ ಒಂದೇ ಸಾಲು, ಇಬ್ಬರೂ ಬರಿಗೈಯಲ್ಲೇ ನಿಲ್ಲಬೇಕು, ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಕೊನೇ ಗಳಿಗೆಯಲ್ಲಿ ಕೇಳಿಕೊಂಡ, ಅವನಿಗೂ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು ಅಂತ ಅವರು ಹೇಳುವಾಗ ಅವರ ದನಿ ನಡುಗುತ್ತಿತ್ತು.

ಅಜ್ಜ ಕ್ರೈಸ್ತರಲ್ಲಿ ಬ್ಯಾಪ್ಟಿಸ್ಟ್ ಪಂಗಡದವರು. ಆಮೇಲಿನ ತಿಂಗಳುಗಳಲ್ಲಿ ಬೇಲಿ ಪಕ್ಕ ನಿಂತು ಸುಮಾರು ಮಾತಾಡಿದೆವು. ಅವರ ಪ್ರಕಾರ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವುದು, ಸಂಪಾದಿಸುವಂಥದ್ದಲ್ಲ. ಎಲ್ಲರೂ ಪಾಪಿಗಳು, ಎಷ್ಟು ಒಳ್ಳೇದು ಮಾಡಿದರೂ ಸಾಲ ತೀರಲ್ಲ, ಅದನ್ನು ಕ್ರಿಸ್ತ ಶಿಲುಬೆ ಮೇಲೆ ತೀರಿಸಿಯಾಗಿದೆ, ನಾವು ನಂಬಿ ಕೈಚಾಚಬೇಕು ಅಷ್ಟೆ. ನೀರಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನ ಕೂಡ ನಂಬಿದ ಮೇಲಿನ ಸಾಕ್ಷಿ, ಅದೇ ರಕ್ಷಣೆ ಕೊಡಲ್ಲ. ನಿಜವಾಗಿ ನಂಬಿದವನನ್ನು ದೇವರು ಕೊನೇವರೆಗೂ ಬಿಡಲ್ಲ. ತಾನು ಹನ್ನೊಂದನೇ ವಯಸ್ಸಲ್ಲಿ, ಒಂದು ಬೇಸಿಗೆ ಸಂಜೆ ರಕ್ಷಣೆ ಹೊಂದಿದೆ ಅಂತ ಅವರು ತಾರೀಖಿನ ಸಮೇತ ಹೇಳುತ್ತಾರೆ.

ನಮ್ಮವರು ಇದನ್ನು ಕೇಳಿ "ನಂಬಿದರೆ ಸಾಕಂತೆ, ಎಷ್ಟು ಸುಲಭ!" ಅಂತಾರೆ. ನಾನೂ ಅಂದಿದ್ದೇನೆ. ಇಲ್ಲಿನವರು ನಮ್ಮ ಬಗ್ಗೆ "ಪಾಪ, ಜನ್ಮ ಜನ್ಮ ಕರ್ಮದ ಲೆಕ್ಕ ತೀರಿಸುತ್ತಲೇ ಇರುತ್ತಾರೆ" ಅಂದುಕೊಳ್ಳುತ್ತಾರೆ. ಎರಡೂ ತಪ್ಪು. ಮೇಲುಕೋಟೆ ನಮಗೆ ಹತ್ತಿರ. ವೈರಮುಡಿಗೆ ಅಪ್ಪ ತಪ್ಪಿಸುತ್ತಿರಲಿಲ್ಲ. ಶ್ರೀವೈಷ್ಣವರಲ್ಲಿ ಎರಡು ಪಂಗಡ ಯಾಕೆ ಅಂತ ಚಿಕ್ಕಂದಿನಲ್ಲಿ ಕೇಳಿದಾಗ ಅಪ್ಪ ಹೇಳಿದ್ದು ಕೋತಿ ಮತ್ತು ಬೆಕ್ಕಿನ ಕತೆ. ತಾಯಿ ಅಂದರೆ ದೇವರು, ಮರಿ ಅಂದರೆ ನಾವು. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ವಡಗಲೆಯವರು ಹೇಳುವುದು ಅದು. ಬೆಕ್ಕಿನ ಮರಿ ಸುಮ್ನೆ ಇರುತ್ತದೆ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ, ತೆಂಗಲೆಯವರು ಹೇಳುವುದು ಇದು. ನಾನು ಇದನ್ನು ಅಜ್ಜನಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಹಾಗಾದರೆ ನಾನು ಬೆಕ್ಕಿನ ಮರಿ" ಅಂದರು.

ಕ್ರೈಸ್ತರಲ್ಲೂ ಈ ವಾದ ಇವತ್ತಿನದಲ್ಲ. ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ ರಕ್ಷಣೆ ಕೃಪೆಯಿಂದ ಬಂದದ್ದು, ಕ್ರಿಯೆಗಳಿಂದಲ್ಲ ಎಂದಿದೆ. ಯಾಕೋಬನ ಪತ್ರದಲ್ಲಿ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎಂದಿದೆ. ಎರಡೂ ಒಂದೇ ಬೈಬಲ್‌ನಲ್ಲಿವೆ. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಎದ್ದು ನಿಂತಿದ್ದು, ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ಪತ್ರ ಮಾರುತ್ತಿದ್ದುದರ ವಿರುದ್ಧ. ಅಲ್ಲಿಂದ ಚರ್ಚ್ ಒಡೆಯಿತು, ಯುದ್ಧಗಳೂ ಆದವು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಸಭೆಗಳವರೂ ಕ್ಯಾಥೊಲಿಕರೂ ಕೂತು, ನಾವು ರಕ್ಷಣೆ ಪಡೆಯುವುದು ಕೃಪೆಯಿಂದಲೇ, ಒಳ್ಳೆಯ ಕೆಲಸಗಳು ಅದರ ಫಲ ಅಂತ ಒಟ್ಟಿಗೆ ಸಹಿ ಹಾಕಿದರು. ಹತ್ತಿರ ಹತ್ತಿರ ಐನೂರು ವರ್ಷ! ಅಜ್ಜನ ಪಂಗಡ ಆ ಸಹಿಯಲ್ಲಿ ಇಲ್ಲ.

ಇಲ್ಲಿ ನಮಗೆ ಆಪ್ತರಾದ ಮಂಗಳೂರಿನ ಅಕ್ಕ ಒಬ್ಬರಿದ್ದಾರೆ, ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಅಜ್ಜನ ಪ್ರಶ್ನೆ ಹೇಳಿದ ಕೂಡಲೇ, "ನಮ್ಮಲ್ಲಿ ಹಾಗೆ ಕೇಳುವ ಕ್ರಮ ಇಲ್ಲ ಮಾರಾಯ್ರೆ" ಅಂದರು. ತಾವು ಸ್ವರ್ಗಕ್ಕೆ ಹೋಗೇ ಹೋಗುತ್ತೇವೆ ಅಂತ ಅವರು ಹೇಳಿಕೊಳ್ಳುವುದಿಲ್ಲ, ಆಶಿಸುತ್ತಾರೆ. ಎಲ್ಲ ಶುರುವಾಗುವುದು ಕೃಪೆಯಿಂದಲೇ, ಆದರೆ ಅದರ ಜೊತೆ ನಾವೂ ನಡೆಯಬೇಕು. ಜ್ಞಾನಸ್ನಾನ (ಅಜ್ಜ ದೀಕ್ಷಾಸ್ನಾನ ಅಂದದ್ದು ಇದನ್ನೇ), ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ, ಪಾಪ ಮಾಡಿದರೆ ಪಾದ್ರಿಗಳ ಮುಂದೆ ಹೇಳಿಕೊಳ್ಳುವ ಪಾಪಸಂಕೀರ್ತನೆ, ಹೀಗೆ ಬದುಕಿಡೀ. ಕೃಪೆಯಲ್ಲೇ ಸತ್ತರೂ ಇನ್ನೂ ಕೊಳೆ ಉಳಿದಿದ್ದರೆ ಮೊದಲು ಶುದ್ಧೀಕರಣ ಸ್ಥಳ. ಅಲ್ಲಿರುವವರಿಗಾಗಿ ಬದುಕಿರುವವರು ಪ್ರಾರ್ಥನೆ ಮಾಡಬಹುದು. ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಬೆಂಗಳೂರಿನ ಕಲ್ಪಳ್ಳಿ ಸ್ಮಶಾನದ ಕಡೆ ಹೋದವರಿಗೆ ಗೊತ್ತು, ಸಮಾಧಿಗಳ ಮೇಲೆಲ್ಲ ಹೂವು, ಮೇಣದ ಬತ್ತಿ. ನಾವು ಅಪ್ಪನಿಗೆ ಎಡೆ ಇಟ್ಟದ್ದು ಅಕ್ಕನಿಗೆ ವಿಚಿತ್ರ ಅನಿಸಲೇ ಇಲ್ಲ. ಬ್ಯಾಪ್ಟಿಸ್ಟ್ ಅಜ್ಜನಿಗೆ ಅದು ಅರ್ಥವಾಗುವುದು ಕಷ್ಟ, ಯಾಕೆಂದರೆ ಅವರ ಪ್ರಕಾರ ಉಸಿರು ನಿಂತ ಗಳಿಗೆಯಲ್ಲೇ ಎಲ್ಲ ತೀರ್ಮಾನ ಆಗಿಬಿಟ್ಟಿದೆ.

ಅಕ್ಕ ಇನ್ನೊಂದು ಮಾತು ಹೇಳಿದರು. 1964ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಆದರೆ ದೇವರನ್ನು ಮನಸಾರೆ ಹುಡುಕುತ್ತಾ ಅಂತಃಸಾಕ್ಷಿಯಂತೆ ಬಾಳಿದವರೂ ರಕ್ಷಣೆ ಪಡೆಯಬಹುದು ಎಂದು ಬರೆದಿಟ್ಟಿದೆ. ಇದನ್ನು ಕೇಳಿದ ರಾತ್ರಿ ನಾನು ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ. ಯಾರೋ ನಮ್ಮಪ್ಪನಿಗೆ ಅನುಮತಿ ಕೊಟ್ಟರು ಅಂತಲ್ಲ. ಇದೇ ನಂಬಿಕೆಯೊಳಗೆ, ಇದೇ ಯೇಸುವನ್ನು ಪ್ರೀತಿಸುವವರೇ, ಬಾಗಿಲು ಎಷ್ಟು ಅಗಲ ಅಂತ ಕಷ್ಟಪಟ್ಟು ಯೋಚಿಸಿದ್ದಾರಲ್ಲ ಅಂತ.

ನಮ್ಮ ಕಡೆ ನಾವು ಏನು ಮಾಡುತ್ತೇವೆ? ಕಾರ್ಡಿನಲ್ಲಿ "ವೈಕುಂಠ ಸಮಾರಾಧನೆ" ಅಂತ ಅಚ್ಚು ಹಾಕಿಸುತ್ತೇವೆ. ಲಿಂಗಾಯತರ ಮನೆಯಲ್ಲಿ "ಶಿವಗಣಾರಾಧನೆ", "ಲಿಂಗೈಕ್ಯರಾದರು". ಸತ್ತವರೆಲ್ಲ ಆಗಲೇ ತಲುಪಿಯಾಯಿತು ಅನ್ನುವ ಹಾಗೆ. ಅದರಲ್ಲಿ ದೊಡ್ಡ ಮನಸ್ಸಿದೆ, ನನಗೆ ಅದು ಇಷ್ಟ. ಆದರೆ ಬದುಕಿದ್ದಾಗ ಅಪ್ಪನ ಹತ್ತಿರ ನಾನು ಒಂದು ದಿನವೂ "ಸಾಯೋದಕ್ಕೆ ಭಯ ಆಗುತ್ತಾ ಅಪ್ಪ?" ಅಂತ ಕೇಳಲಿಲ್ಲ. ಅಂಥ ಮಾತು ಎತ್ತಿದರೆ "ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸುತ್ತಾರೆ. ಕೊನೇ ತಿಂಗಳು ಫೋನಿನಲ್ಲಿ ಮಾತಾಡಿದ್ದೆಲ್ಲ ಮಾತ್ರೆ, ಮಳೆ, ನಾಲೆ ನೀರು. ಅಜ್ಜನ ಮಕ್ಕಳು ಅವರ ಹತ್ತಿರ ಸಾವಿನ ಬಗ್ಗೆ ಸಲೀಸಾಗಿ ಮಾತಾಡುತ್ತಾರೆ. ಯಾವ ಹಾಡು ಹಾಡಬೇಕು ಅಂತ ಅವರೇ ಬರೆದಿಟ್ಟಿದ್ದಾರೆ. ಆ ಧೈರ್ಯ ನಮಗೂ ಇದ್ದಿದ್ದರೆ ಅನ್ನಿಸುತ್ತದೆ.

ಒಪ್ಪದ್ದನ್ನೂ ಅಜ್ಜನಿಗೆ ನೇರವಾಗಿಯೇ ಹೇಳಿದ್ದೇನೆ. ಬೈಬಲ್‌ನ ಮತ್ತಾಯನ ಪುಸ್ತಕದ 25ನೇ ಅಧ್ಯಾಯದಲ್ಲಿ ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು ಕೊಟ್ಟವರು, ನಿನ್ನನ್ನು ಯಾವಾಗ ನೋಡಿದೆವು ಸ್ವಾಮಿ ಅಂತ ಕೇಳುತ್ತಾರೆ. ಕೊಟ್ಟದ್ದು ಕ್ರಿಸ್ತನಿಗೇ ಅಂತ ಅವರಿಗೆ ಗೊತ್ತೇ ಇರಲಿಲ್ಲ, ಆದರೂ ದೇವರ ರಾಜ್ಯ ಅವರದಾಯಿತು. ನಮ್ಮಪ್ಪ ಸುಗ್ಗಿಯಲ್ಲಿ ಕೂಲಿಯವರ ಊಟ ಆಗದೆ ತಟ್ಟೆ ಮುಟ್ಟುತ್ತಿರಲಿಲ್ಲ. ಕೊಟ್ಟವರು ಆ ಕ್ರಿಯೆಯಿಂದ ರಕ್ಷಣೆ ಪಡೆದರು ಅಂತ ಅರ್ಥವಲ್ಲ, ಒಳಗಿನ ನಂಬಿಕೆ ಹೀಗೆ ಹೊರಗೆ ಕಾಣುತ್ತದೆ ಅಂತ ಅಜ್ಜ ಹೇಳಿದರು. ಕಾಣುವುದು ಇದೇ ಆದರೆ ಅಪ್ಪನಲ್ಲಿ ನಾನು ಅದನ್ನು ದಿನಾ ಕಂಡಿದ್ದೇನೆ ಅಂದೆ. ಅವರು ಉತ್ತರ ಕೊಡಲಿಲ್ಲ, ನನ್ನ ಭುಜ ಹಿಡಿದುಕೊಂಡರು.

ಈ ಚಳಿಗಾಲದಲ್ಲಿ ಅಜ್ಜನಿಗೆ ಹುಷಾರಿಲ್ಲ. ಹೋದ ಭಾನುವಾರ ಪಾಯಸ ತಗೊಂಡು ಹೋಗಿದ್ದೆ. ಯೋಹಾನನ 14ನೇ ಅಧ್ಯಾಯ ಓದು ಅಂದರು, ನಿನ್ನ ಭಾಷೆಯಲ್ಲೇ ಓದು ಅಂದರು. ಫೋನಿನಲ್ಲಿ ಹಳೆಯ ಕನ್ನಡ ಬೈಬಲ್ ತೆಗೆದೆ. ಆರನೇ ವಚನದಲ್ಲಿ ಯೇಸು ನಾನೇ ಮಾರ್ಗ ಅನ್ನುತ್ತಾನೆ, ಅಜ್ಜನ ಪ್ರಾಣ ಇರುವುದು ಅದರಲ್ಲಿ. ಆದರೆ ಅದಕ್ಕೆ ಬರುವ ಮೊದಲು ಎರಡನೇ ವಚನ ಓದಬೇಕು. ತಂದೆಯ ಮನೆಯಲ್ಲಿ ಎಷ್ಟೋ ಕೋಣೆಗಳಿವೆ ಅನ್ನುವ ಮಾತು ಅದು. ಹಳೆಯ ಕನ್ನಡದಲ್ಲಿ "ಬಿಡಾರಗಳು" ಅಂತಿದೆ. ಬಿಡಾರ ಅಂದರೇನು ಅಂತ ಕೇಳಿದರು. ದೂರದ ಊರಿಗೆ ಹೋದವರು ಬುತ್ತಿ ಇಳಿಸಿ, ಒಲೆ ಹೂಡಿ ಇರುವ ಜಾಗ ಅಂದೆ. ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ ಓದು ಅಂದರು.