ತುಕ್ಕು ಹಿಡಿದ ಕೊಳವೆಗಳ ಕಾವಲು

ಕೆನಡಾದ ನಮ್ಮ ಕ್ಯಾಲ್ಗರಿಗೆ ನೆಂಟರು ಬಂದರೆ ನಾವೆಲ್ಲ ಬ್ಯಾನ್ಫ್‌ನ ಹಿಮಶಿಖರ ತೋರಿಸುತ್ತೇವೆ. ಈ ಬೇಸಿಗೆಯಲ್ಲಿ ಬಂದ ಸೋದರಮಾವನನ್ನು ನಾನು ಮೊದಲು ಕರೆದೊಯ್ದದ್ದು ಟರ್ನರ್ ವ್ಯಾಲಿಗೆ. ಅಲ್ಲಿ ಶೀಪ್ ನದಿಯ ದಂಡೆಯಲ್ಲಿ, 1985ರಲ್ಲಿ ಕೆಲಸ ನಿಲ್ಲಿಸಿದ ಅನಿಲ ಸಂಸ್ಕರಣಾ ಘಟಕವಿದೆ. ತಗಡಿನ ಶೆಡ್ಡುಗಳು, ತುಕ್ಕು ಹಿಡಿದ ಕೊಳವೆಗಳು, ಸುತ್ತ ಬೇಲಿ. ಮಾವ ಕೆಜಿಎಫ್ ಗಣಿಯಲ್ಲಿ ದುಡಿದವರು. ಅವರಿಗೆ ಇದನ್ನು ತೋರಿಸಲೇಬೇಕಿತ್ತು.

1914ರ ಮೇ 14ರಂದು ಇಲ್ಲಿನ ಡಿಂಗ್‌ಮನ್ ಬಾವಿಯಿಂದ ಅನಿಲವೂ, ಪೆಟ್ರೋಲಿನಂಥ ಹಗುರ ಎಣ್ಣೆಯಾದ ನಾಫ್ತಾವೂ ಚಿಮ್ಮಿದವು. ಆ ನಾಫ್ತಾ ಎಷ್ಟು ತಿಳಿಯಾಗಿತ್ತೆಂದರೆ ಅದನ್ನು ನೇರವಾಗಿ ಕಾರಿಗೆ ಸುರಿದು ಓಡಿಸಿದರು. 1924ರಲ್ಲಿ ಇನ್ನೂ ಆಳದ ಸುಣ್ಣಕಲ್ಲಿನಿಂದ ಬಂದ ಅನಿಲದಲ್ಲಿ ಕೊಳೆತ ಮೊಟ್ಟೆಯ ನಾತದ, ಪ್ರಾಣ ತೆಗೆಯುವ ಹೈಡ್ರೋಜನ್ ಸಲ್ಫೈಡ್ ಬೆರೆತಿತ್ತು. ಮರುವರ್ಷವೇ ಅದನ್ನು ಸೋಡಾ ದ್ರಾವಣದಲ್ಲಿ ತೊಳೆದು ಕ್ಯಾಲ್ಗರಿಯ ಮನೆಗಳಿಗೆ ಕಳಿಸತೊಡಗಿದರು. ಆದರೆ ಉಕ್ಕುತ್ತಿದ್ದಷ್ಟು ಅನಿಲವನ್ನು ಕೊಳ್ಳುವವರಿರಲಿಲ್ಲ. ನಾಫ್ತಾ ಬೇರ್ಪಡಿಸಿಕೊಂಡು ಉಳಿದದ್ದನ್ನು ಪಕ್ಕದ ಕಂದರದಲ್ಲಿ ಹಗಲೂ ರಾತ್ರಿ ಸುಟ್ಟರು. ಆ ಬೆಂಕಿಯ ಕೆಂಪು ಕ್ಯಾಲ್ಗರಿಗೂ ಕಾಣುತ್ತಿತ್ತಂತೆ. ಕಂದರಕ್ಕೆ ಜನ ‘ನರಕದ ಅರ್ಧ ಎಕರೆ’ ಎಂದು ಹೆಸರಿಟ್ಟರು. ತೈಲವನ್ನು ಮೇಲಕ್ಕೆ ತಳ್ಳುತ್ತಿದ್ದ ನೆಲದೊಳಗಿನ ಅನಿಲದ ಒತ್ತಡ ಕುಸಿದು, ಮೇಲೆ ಬರಬೇಕಿದ್ದ ಎಷ್ಟೋ ತೈಲ ಅಲ್ಲೇ ಉಳಿಯಿತು. 1938ರಲ್ಲಿ ಇಲ್ಲಿನ ಪ್ರಾಂತ್ಯವಾದ ಆಲ್ಬರ್ಟಾದ ಸರ್ಕಾರ ಈ ಪೋಲು ತಡೆಯಲೆಂದೇ ಮಂಡಳಿ ರಚಿಸಿತು.

ಇಂಥ ಜಾಗವನ್ನು ಕೆನಡಾ 1995ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಗುರುತಿಸಿತು. ಅಜ್ಜಂದಿರ ಜಾಣತನದ ಜೊತೆಗೆ ಅವರ ದುಂದನ್ನೂ ಇಲ್ಲಿಯವರು ಮರೆಮಾಚದೆ ಹೇಳಿಕೊಳ್ಳುತ್ತಾರೆ. ಅದು ನನಗೆ ತುಂಬ ಹಿಡಿಸಿತು.

ನಮಗೆ ಪರಂಪರೆಯೆಂದರೆ ಕೆತ್ತಿದ ಕಲ್ಲು. ಹಂಪಿ, ಹಳೇಬೀಡುಗಳಿಗೆ ಸಲ್ಲುವ ಗೌರವ ಸಲ್ಲಲೇಬೇಕು. ಆದರೆ ಯಂತ್ರ ನಿಂತರೆ ನಾವು ಮೊದಲು ಕೇಳುವುದು ಗುಜರಿಗೆ ಎಷ್ಟು ಸಿಗುತ್ತದೆ ಎಂದು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ, 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಊರು ಕೆಜಿಎಫ್. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನದ ಕಥೆಯನ್ನು ಎಲ್ಲರೂ ಹೇಳುತ್ತೇವೆ; ಕಲ್ಲುಧೂಳು ಕುಡಿದು ಸವೆದ ಶ್ವಾಸಕೋಶಗಳ ಕಥೆಯನ್ನು, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಸುರಿದ ಸೈನೈಡ್ ಗುಡ್ಡಗಳಿಂದ ಗಾಳಿಗೆ ಏಳುವ ಧೂಳಿನ ಕಥೆಯನ್ನು ಯಾರು ಹೇಳುತ್ತಾರೆ? ಗಣಿಬಾಯಿಯ ಮೇಲಿನ ಉಕ್ಕಿನ ಗೋಪುರವೊಂದನ್ನು, ಅದಿರು ಅರೆಯುತ್ತಿದ್ದ ಮಿಲ್ಲೊಂದನ್ನು ಜೋಪಾನ ಮಾಡಿ, ಇಳಿದು ದುಡಿದವರ ಬಾಯಿಂದಲೇ ಅದನ್ನೆಲ್ಲ ಹೇಳಿಸಬೇಕು. ಅವರು ಇನ್ನೂ ಬದುಕಿರುವಾಗಲೇ.

ಮಾವ ಬೇಲಿಗೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಆಮೇಲೆ, ಶೆಡ್ಡಿನೊಳಗಿನ ಕಂಪ್ರೆಸರ್ ಯಾವ ಕಾಲದ್ದಿರಬಹುದು, ಎಣ್ಣೆ ಹಾಕಿದರೆ ಇನ್ನೂ ತಿರುಗೀತೇ ಎಂದು ನನ್ನನ್ನು ಕೇಳಿದರು.